ಯಾವ ಪಕ್ಷಕ್ಕೂ ಸೇರದ ಮತದಾರರು ಪಕ್ಷಗಳ ಕೈತಪ್ಪುವುದು ಹೇಗೆ? ಕರ್ನಾಟಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಆಳುತ್ತಿದ್ದ ಪಕ್ಷವೊಂದು ಸ್ವಂತ ಬಲದಿಂದ ಮತ್ತೆ ಗೆದ್ದು ಬಂದದ್ದು ಕೊನೆಯ ಸಲ 1985ರಲ್ಲಿ. ಅಲ್ಲಿಂದ 2023ರ ತನಕ ಯಾವ ವಿಧಾನಸಭೆ ಚುನಾವಣೆಯಲ್ಲೂ ಆಳುತ್ತಿದ್ದ ಪಕ್ಷ ಸ್ವಂತ ಬಹುಮತದಿಂದ ಮರಳಿ ಬಂದಿಲ್ಲ. ಹೀಗೆ ಸೋಲಿಸುವವರು ಯಾರು, ಅವರು ಯಾವಾಗ ದೂರವಾಗುತ್ತಾರೆ, ಅದು ಪಕ್ಷಗಳಿಗೆ ಯಾಕೆ ತಡವಾಗಿ ಗೊತ್ತಾಗುತ್ತದೆ ಎಂಬ ಪ್ರಶ್ನೆಗಳು ಚುನಾವಣೆ ಬಂದಾಗಲೆಲ್ಲ ಏಳುತ್ತವೆ. ಅವುಗಳಿಗೆ ಇಲ್ಲಿ ಉತ್ತರ ಕೊಡಲು ನೋಡಿದ್ದೇನೆ. ಅಂಕಿಗಳು ಚುನಾವಣಾ ದಾಖಲೆಯವು. ಅಭಿಪ್ರಾಯ ನನ್ನದು.

ಯಾವ ಪಕ್ಷಕ್ಕೂ ಸೇರದ ಮತದಾರ ಅಂದರೆ ಯಾರು?

ಹೋದ ಸಲ ಒಬ್ಬರಿಗೆ ಹಾಕಿ, ಈ ಸಲ ಇನ್ನೊಬ್ಬರಿಗೆ ಹಾಕಲು ಮನಸ್ಸಿನಲ್ಲಿ ಅಡ್ಡಿ ಇಲ್ಲದವರು. ಪಕ್ಷದವರು ಇವರನ್ನು ತಟಸ್ಥರು ಎನ್ನುತ್ತಾರೆ. ಬೂತ್ ಮಟ್ಟದ ಕಾರ್ಯಕರ್ತ ಮತದಾರರ ಪಟ್ಟಿ ಹಿಡಿದು ಕೂತಾಗ ಹೆಸರುಗಳನ್ನು ಮೂರು ಪಾಲು ಮಾಡುತ್ತಾನೆ: ನಮ್ಮ ಓಟು, ಅವರ ಓಟು, ಹೇಳಕ್ಕಾಗಲ್ಲ. ಈ ಮೂರನೇ ಪಾಲಿನವರ ಬಗ್ಗೆಯೇ ಇಲ್ಲಿ ಮಾತು.

ಅಮೆರಿಕದಲ್ಲಿ ಅನೇಕ ರಾಜ್ಯಗಳಲ್ಲಿ ಮತದಾರ ಹೆಸರು ನೋಂದಾಯಿಸುವಾಗಲೇ ತಾನು ಯಾವ ಪಕ್ಷದವನು ಎಂದು ಬರೆಯಬಹುದು. ಅಲ್ಲಿನ ಗ್ಯಾಲಪ್ ಸಂಸ್ಥೆಯ ಸಮೀಕ್ಷೆಗಳಲ್ಲಿ ಈಚಿನ ವರ್ಷಗಳಲ್ಲಿ ಶೇ. 40ಕ್ಕಿಂತ ಜಾಸ್ತಿ ಜನ ತಾವು ಯಾವ ಪಕ್ಷದವರೂ ಅಲ್ಲ ಎಂದಿದ್ದಾರೆ. ನಮ್ಮಲ್ಲಿ ಅಂಥ ನೋಂದಣಿ ಇಲ್ಲ. ಹಾಗಾಗಿ ಈ ಮತದಾರರ ಪಟ್ಟಿ ಯಾರ ಬಳಿಯೂ ಇಲ್ಲ. ಫಲಿತಾಂಶ ಬಂದಾಗಷ್ಟೇ ಅವರು ಕಣ್ಣಿಗೆ ಬೀಳುತ್ತಾರೆ.

ಪಕ್ಷೇತರ ಅಭ್ಯರ್ಥಿಗೆ ಓಟು ಹಾಕುವವರೇ ಇವರಾ?

ಹಾಗೇನಿಲ್ಲ. ಪಕ್ಷೇತರರಾಗಿ ನಿಲ್ಲುವವರಲ್ಲಿ ಟಿಕೆಟ್ ಸಿಗದೆ ಬಂಡಾಯ ಎದ್ದವರೇ ಜಾಸ್ತಿ. ಅವರಿಗೆ ಬೀಳುವ ಓಟು ಎಷ್ಟೋ ಸಲ ಪಕ್ಷದ್ದೇ ಒಂದು ಹೋಳು. 2008ರಲ್ಲಿ ಆರು ಪಕ್ಷೇತರರು ಗೆದ್ದರು. ಬಿಜೆಪಿಗೆ 110 ಸೀಟು ಬಂದು ಬಹುಮತಕ್ಕೆ ಮೂರು ಕಡಿಮೆ ಬಿದ್ದಿತ್ತು. ಆರರಲ್ಲಿ ಐವರು ಮಂತ್ರಿಗಳಾದರು. ಪಕ್ಷಗಳಿಂದ ಬೇಸತ್ತು ಅವರಿಗೆ ಹಾಕಿದ ಮತದಾರನಿಗೆ ಆಗ ಏನನಿಸಿರಬೇಕು? 2019ರಲ್ಲಿ ಮಂಡ್ಯದಿಂದ ಸುಮಲತಾ ಗೆದ್ದದ್ದು ಬೇರೆ ಮಾತು. ಅಲ್ಲಿ ಎರಡು ದೊಡ್ಡ ಪಕ್ಷಗಳು ಒಂದಾಗಿ ನಿಲ್ಲಿಸಿದ್ದ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಬಿಜೆಪಿ ಬೆಂಬಲ ಸುಮಲತಾ ಅವರಿಗೆ ಇತ್ತು, ನಿಜ. ಆದರೂ ಅಷ್ಟು ಓಟು ಪಕ್ಷದ ಲೆಕ್ಕದಿಂದ ಬರುವಂಥದ್ದಾಗಿರಲಿಲ್ಲ.

ಎಲ್ಲ ಜಾತಿ ಲೆಕ್ಕವೇ ಅಲ್ವಾ? ಇಂಥ ಮತದಾರರು ನಿಜವಾಗಿ ಇದ್ದಾರಾ?

ಜಾತಿ ಇದೆ. ಸುಳ್ಳು ಹೇಳುವುದು ಬೇಡ. ಆದರೆ ಜಾತಿ ಮೂರು ತಿಂಗಳಲ್ಲಿ ಬದಲಾಗುವುದಿಲ್ಲ. ಓಟು ಬದಲಾಗುತ್ತದೆ.

1984ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿ ಹತ್ಯೆಯ ನಂತರ ಲೋಕಸಭೆ ಚುನಾವಣೆ ನಡೆಯಿತು. ಕರ್ನಾಟಕದ 28ರಲ್ಲಿ 24 ಕಾಂಗ್ರೆಸ್‌ಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಇದು ತಮ್ಮ ಸರ್ಕಾರದ ಮೇಲಿನ ತೀರ್ಪು ಎಂದು ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟರು. ಕಾಂಗ್ರೆಸ್ 65ಕ್ಕೆ ಇಳಿಯಿತು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಎಂದು ಮತದಾರರು ಬೇರೆ ಬೇರೆ ಮಾಡಿ ನೋಡಿದ್ದರು.

ಇನ್ನೂ ಹತ್ತಿರದ್ದು ಬೇಕಾದರೆ 2018 ಮತ್ತು 2019. 2018ರ ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ. 38, ಜೆಡಿಎಸ್‌ಗೆ 18, ಬಿಜೆಪಿಗೆ 36. ಮರುವರ್ಷ ಲೋಕಸಭೆಗೆ ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿ ಮಾಡಿಕೊಂಡವು. 38ಕ್ಕೆ 18 ಕೂಡಿದರೆ 56, ಯಾರು ಸೋಲಿಸುತ್ತಾರೆ ಎಂಬ ಲೆಕ್ಕ. ಬಂದದ್ದು ಎರಡೂ ಸೇರಿ 42ರ ಒಳಗೆ. ಬಿಜೆಪಿ 51 ದಾಟಿ 28ರಲ್ಲಿ 25 ಗೆದ್ದಿತು. ಎಚ್.ಡಿ. ದೇವೇಗೌಡರೇ ತುಮಕೂರಿನಲ್ಲಿ ಸೋತರು. ಒಂದೇ ವರ್ಷದಲ್ಲಿ ಒಂದು ಪಕ್ಷಕ್ಕೆ ಶೇ. 15ರಷ್ಟು ಓಟು ಜಾಸ್ತಿಯಾಯಿತು ಅಂದರೆ ಅವರೆಲ್ಲ ಆ ಪಕ್ಷದ ಕಟ್ಟಾಳುಗಳಾಗಿರಲು ಸಾಧ್ಯವಿಲ್ಲ.

ಬೆಂಗಳೂರಿನ ಐಟಿ ಉದ್ಯೋಗಿ ಮಾತ್ರ ಯೋಚಿಸಿ ಓಟು ಹಾಕುತ್ತಾನೆ, ಹಳ್ಳಿಯವರು ಹೇಳಿದ ಕಡೆ ಒತ್ತುತ್ತಾರೆ ಎಂಬ ಮಾತೊಂದು ಚಾಲ್ತಿಯಲ್ಲಿದೆ. ಈ ಅಂಕಿಗಳನ್ನು ನೋಡಿದ ಮೇಲೂ ಅದನ್ನು ಹೇಳುವುದು ಕಷ್ಟ.

ತಟಸ್ಥರು ದೂರವಾಗುತ್ತಿರುವುದು ಪಕ್ಷಗಳಿಗೆ ಗೊತ್ತಾಗುವುದಿಲ್ಲವಾ?

ಗೊತ್ತಾಗುವುದು ತಡ. ಕಾರಣ ಸುಲಭ: ಪಕ್ಷ ತನ್ನ ಓಟನ್ನು ಎಣಿಸುತ್ತದೆ. ತನ್ನ ಓಟು ಹಾಗೇ ಇದ್ದರೆ ಎಲ್ಲ ಸರಿ ಇದೆ ಎಂದುಕೊಳ್ಳುತ್ತದೆ.

2013ರಲ್ಲಿ ಕಾಂಗ್ರೆಸ್ ಸುಮಾರು ಶೇ. 36.6 ಓಟು ಪಡೆದು 122 ಸೀಟು ಗೆದ್ದಿತು. ಆಗ ಬಿಜೆಪಿ ಒಡೆದು ಯಡಿಯೂರಪ್ಪ ಕೆಜೆಪಿ ಕಟ್ಟಿದ್ದರು, ಶ್ರೀರಾಮುಲು ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿದ್ದರು. 2018ರಲ್ಲಿ ಕಾಂಗ್ರೆಸ್‌ಗೆ ಶೇ. 38 ಬಂತು. ಓಟು ಜಾಸ್ತಿಯಾಯಿತು, ಸೀಟು 80ಕ್ಕೆ ಇಳಿಯಿತು. ಐದು ವರ್ಷ ಸರ್ಕಾರ ನಡೆಸಿದವರಿಗೆ ಸಭೆಗಳಲ್ಲಿ ಜನ ಕಡಿಮೆಯಾಗಿರಲಿಲ್ಲ. ತಮ್ಮವರು ಎಲ್ಲೂ ಹೋಗಿರಲಿಲ್ಲ. ಉಳಿದವರು ಇನ್ನೊಂದು ಕಡೆ ಒಟ್ಟಾಗುತ್ತಿದ್ದದ್ದು ಮಾತ್ರ ಕಾಣಲಿಲ್ಲ.

2023ರಲ್ಲಿ ಬಿಜೆಪಿಗೆ ಇದೇ ಆಯಿತು, ಇನ್ನೂ ಜೋರಾಗಿ. 2018ರಲ್ಲಿ ಶೇ. 36ಕ್ಕೆ 104 ಸೀಟು. 2023ರಲ್ಲೂ ಶೇ. 36, ಸೀಟು 66. ಫಲಿತಾಂಶದ ದಿನ ಟಿವಿ ಚರ್ಚೆಗಳಲ್ಲಿ ಆ ಪಕ್ಷದವರು ನಮ್ಮ ಓಟ್ ಶೇರ್ ಕುಸಿದಿಲ್ಲ ಎಂದು ಸಮಾಧಾನ ಹೇಳಿಕೊಂಡರು. ಆ ಸಮಾಧಾನದಲ್ಲೇ ತೊಂದರೆ ಇದೆ ಎನ್ನುವುದು ನನ್ನ ವಾದ. ಸರಾಸರಿ ಅಷ್ಟೇ ಉಳಿದದ್ದು ಯಾಕೆ? ಬೆಂಗಳೂರು ಮತ್ತು ಹಳೇ ಮೈಸೂರಿನ ಕಡೆ ಪಕ್ಷಕ್ಕೆ ಒಂದಷ್ಟು ಹೊಸ ಓಟು ಬಂತು. ಉತ್ತರ ಕರ್ನಾಟಕ ಮತ್ತು ಮಧ್ಯ ಕರ್ನಾಟಕದಲ್ಲಿ ಹಳೇ ಓಟು ಹೋಯಿತು. ಕೂಡಿ ಕಳೆದರೆ ಅದೇ 36. ಬಂದದ್ದು ಸೀಟು ಗೆಲ್ಲಿಸುವಷ್ಟು ಇರಲಿಲ್ಲ, ಹೋದದ್ದು ಸೀಟು ಸೋಲಿಸುವಷ್ಟಿತ್ತು. ಅತ್ತ ಜೆಡಿಎಸ್ 18ರಿಂದ 13ಕ್ಕೆ ಇಳಿದಿತ್ತು, ಕಾಂಗ್ರೆಸ್ 38ರಿಂದ 43ರ ಹತ್ತಿರ ಹೋಗಿತ್ತು. ಕಾಂಗ್ರೆಸ್‌ಗೆ 135 ಸೀಟು.

ಇನ್ನೊಂದು ಮಾತು. ಕೋಪ ಬಂದ ಕಾರ್ಯಕರ್ತ ಪಕ್ಷದ ಕಚೇರಿಗೆ ಬಂದು ಕೂಗಾಡುತ್ತಾನೆ, ಟಿಕೆಟ್ ಸಿಗದವನ ಬೆಂಬಲಿಗರು ಟೈರು ಸುಡುತ್ತಾರೆ. ಅದೆಲ್ಲ ಸುದ್ದಿಯಾಗುತ್ತದೆ. ತಟಸ್ಥ ಮತದಾರ ಏನೂ ಸುಡುವುದಿಲ್ಲ. ಮನೆಗೆ ಬಂದ ಮೂರು ಪಕ್ಷದವರಿಗೂ ‘ನಿಮಗೇ ಹಾಕ್ತೀವಿ ಬಿಡಿ’ ಎಂದು ಹೇಳಿ ಕಳಿಸುತ್ತಾನೆ.

ಈ ದೂರವಾಗುವುದು ಎಲ್ಲಿಂದ ಶುರುವಾಗುತ್ತದೆ?

ಬಹಳ ಜನ ಪ್ರಣಾಳಿಕೆ, ನಾಯಕನ ಮುಖ, ಹಗರಣ ಎಂದೆಲ್ಲ ಹೇಳುತ್ತಾರೆ. ನನ್ನ ಪ್ರಕಾರ ಅದು ಶುರುವಾಗುವುದು ಕೆಳಗಡೆ, ಸ್ಥಳೀಯ ಸಂಸ್ಥೆಗಳಲ್ಲಿ.

ಕಾರ್ಪೊರೇಟರ್ ಅಥವಾ ತಾಲ್ಲೂಕು ಪಂಚಾಯಿತಿ ಸದಸ್ಯನ ಬಳಿ ಜನ ಹೋಗುವುದು ಪಕ್ಷ ನೋಡಿ ಅಲ್ಲ. ಬೀದಿ ದೀಪ ಹೋಗಿದೆ, ನೀರು ಬಂದಿಲ್ಲ, ಅಜ್ಜಿಯ ಪಿಂಚಣಿ ನಿಂತಿದೆ. ಕೆಲಸ ಮಾಡಿಕೊಟ್ಟರೆ ಆ ಮನೆಯವರಿಗೆ ಆ ಪಕ್ಷದ ಬಗ್ಗೆ ಒಂದು ಒಳ್ಳೆ ಮಾತು ಉಳಿಯುತ್ತದೆ. ಮಾಡದಿದ್ದರೆ ಬಯ್ಯುತ್ತಾರೆ, ಆ ಬೈಗುಳ ಪಕ್ಷದ ಕಿವಿಗೆ ಬೀಳುತ್ತದೆ. ಪಕ್ಷಕ್ಕೆ ತನ್ನವರಲ್ಲದವರ ಜೊತೆ ಪ್ರತಿದಿನ ಮಾತು ಇರುವುದು ಇಲ್ಲಿ ಮಾತ್ರ.

ಈ ಜಾಗ ಏನಾಗಿದೆ ನೋಡಿ. ಬಿಬಿಎಂಪಿಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಅದಾದ ಮೇಲೆ ವಾರ್ಡ್ ಸಂಖ್ಯೆ ಎಷ್ಟಿರಬೇಕು, ಮೀಸಲಾತಿ ಹೇಗೆ ಎಂದು ವರ್ಷಗಟ್ಟಲೆ ಎಳೆದಾಟ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ನಗರ ಐದು ಪಾಲಿಕೆಗಳಾಯಿತು. ಕೋಟಿ ದಾಟಿದ ಜನರ ಊರು ಅಲ್ಲಿಯವರೆಗೂ ಒಬ್ಬ ಕಾರ್ಪೊರೇಟರ್ ಇಲ್ಲದೆ ನಡೆದಿತ್ತು. ಹಳ್ಳಿ ಕಡೆಯೂ ಅಷ್ಟೇ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಈ ನಡುವೆ ಬಿಜೆಪಿಯೂ ಆಳಿತು, ಕಾಂಗ್ರೆಸ್ಸೂ ಆಳಿತು. ಚುನಾವಣೆ ಮುಂದೆ ಹಾಕುವುದರಲ್ಲಿ ಇಬ್ಬರಿಗೂ ಬೇಸರ ಇದ್ದಂತೆ ಕಾಣಲಿಲ್ಲ. ಶಾಸಕರಿಗೆ ಇದು ಅನುಕೂಲವೇ. ಅನುದಾನ ತಮ್ಮ ಕೈಯಲ್ಲೇ ಉಳಿಯುತ್ತದೆ, ಮುಂದಿನ ಸಲ ಟಿಕೆಟ್ ಕೇಳುವ ಎರಡನೇ ಸಾಲಿನ ನಾಯಕ ಹುಟ್ಟುವುದಿಲ್ಲ.

ಹೀಗೆ ಪಕ್ಷಗಳು ತಮ್ಮ ಕಿವಿಯನ್ನು ತಾವೇ ಮುಚ್ಚಿಕೊಂಡಿವೆ. ಆಮೇಲೆ ಜನರ ನಾಡಿ ಸಿಗುತ್ತಿಲ್ಲ ಎಂದು ಕೋಟಿಗಟ್ಟಲೆ ಖರ್ಚು ಮಾಡಿ ಸರ್ವೆ ಮಾಡಿಸುತ್ತವೆ.

ಇನ್ನು ಗ್ರಾಮ ಪಂಚಾಯಿತಿ. ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ಕಾನೂನಿನ ಪ್ರಕಾರ ಅದು ಪಕ್ಷರಹಿತ ಚುನಾವಣೆ. ಯಾರು ಯಾರ ಕಡೆ ಎಂದು ಊರಿಗೆಲ್ಲ ಗೊತ್ತಿರುತ್ತದೆ, ಆ ಮಾತು ಬೇರೆ. ಆದರೂ ಒಬ್ಬ ಅಭ್ಯರ್ಥಿ ಎದುರು ಪಕ್ಷದವರ ಮನೆಗೂ ಹೋಗಿ ಓಟು ಕೇಳಲೇಬೇಕಾದ ಚುನಾವಣೆ ಅದು. ಕೆಲವೇ ನೂರು ಓಟುಗಳ ಕ್ಷೇತ್ರ, ಯಾರನ್ನೂ ಬಿಡುವ ಹಾಗಿಲ್ಲ.

ಪೇಜ್ ಪ್ರಮುಖ್, ವಾಟ್ಸಾಪ್ ಗ್ರೂಪ್, ಸರ್ವೆ ಎಲ್ಲ ಇದೆಯಲ್ಲ? ಮೊದಲಿಗಿಂತ ಸಂಪರ್ಕ ಜಾಸ್ತಿ ಆಗಿಲ್ಲವಾ?

ಮಾತು ಜಾಸ್ತಿ ಆಗಿದೆ, ಕೇಳುವುದು ಕಡಿಮೆ ಆಗಿದೆ. ಮತದಾರರ ಪಟ್ಟಿಯ ಪ್ರತಿ ಪುಟಕ್ಕೆ ಒಬ್ಬ ಜವಾಬ್ದಾರ ಎಂಬ ಬಿಜೆಪಿಯ ಪದ್ಧತಿ ಒಳ್ಳೆಯದೇ. ಅದು ತಮ್ಮ ಓಟನ್ನು ಬೂತಿಗೆ ತರಲು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮನಸ್ಸು ಮಾಡಿಲ್ಲದವನನ್ನು ಒಪ್ಪಿಸಲು ಅಷ್ಟು ಕೆಲಸ ಮಾಡುವುದಿಲ್ಲ. ಯಾಕೆಂದರೆ ಆ ಪ್ರಮುಖ್‌ಗೆ ಮೇಲಿಂದ ಬರುವುದು ಏನು ಹೇಳಬೇಕು ಎಂಬ ಸೂಚನೆ. ಕೆಳಗಿಂದ ಏನು ಕೇಳಿಬಂತು ಎಂದು ಯಾರೂ ವಿಚಾರಿಸುವುದಿಲ್ಲ.

ವಾಟ್ಸಾಪ್ ಗ್ರೂಪಿನ ಕಥೆ ಇನ್ನೂ ಚೆನ್ನ. ಬಡಾವಣೆಯ ಗ್ರೂಪಿನಲ್ಲಿ ದಿನಾ ಪಕ್ಷದ ವಿಡಿಯೊ ಬೀಳುತ್ತದೆ. ನಾಲ್ಕು ಜನ ಹೆಬ್ಬೆರಳು ಎತ್ತುತ್ತಾರೆ. ಇಬ್ಬರು ಜಗಳ ಆಡುತ್ತಾರೆ. ಉಳಿದವರು ಗ್ರೂಪನ್ನು ಮ್ಯೂಟ್ ಮಾಡಿ ಸುಮ್ಮನಾಗುತ್ತಾರೆ. ಪಕ್ಷ ಎಣಿಸುವುದು ಹೆಬ್ಬೆರಳುಗಳನ್ನು. ಓಟು ಇರುವುದು ಮ್ಯೂಟ್ ಮಾಡಿದವರ ಬಳಿ.

ಹಿಜಾಬ್, ಹಲಾಲ್‌ನಂಥ ವಿಷಯಗಳು ತಟಸ್ಥರನ್ನು ಸೆಳೆಯುತ್ತವಾ, ದೂರ ಮಾಡುತ್ತವಾ?

ಊರಿಂದ ಊರಿಗೆ ಬೇರೆ. ಹಿಜಾಬ್ ವಿವಾದ ಶುರುವಾದ ಉಡುಪಿ ಜಿಲ್ಲೆಯಲ್ಲಿ 2023ರಲ್ಲಿ ಬಿಜೆಪಿ ಐದಕ್ಕೆ ಐದೂ ಗೆದ್ದಿತು. ಅಲ್ಲಿ ಆ ವಿಷಯ ಕೆಲಸ ಮಾಡಲಿಲ್ಲ ಎನ್ನಲಾಗದು. ಆದರೆ ಉಡುಪಿಯಲ್ಲಿ ನಡೆದದ್ದು ಹಾವೇರಿಯಲ್ಲೂ ಚಾಮರಾಜನಗರದಲ್ಲೂ ನಡೆಯುತ್ತದೆ ಎಂದುಕೊಂಡದ್ದು ತಪ್ಪಾಯಿತು. ಅಲ್ಲಿನ ಜನ ಗ್ಯಾಸ್ ಸಿಲಿಂಡರ್ ಬೆಲೆ ಮಾತಾಡುತ್ತಿದ್ದರು. ಸರ್ಕಾರಿ ಕಾಮಗಾರಿಗೆ ಶೇ. 40 ಕಮಿಷನ್ ಕೇಳುತ್ತಾರೆ ಎಂದು ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲೇ ಪ್ರಧಾನಿಗೆ ಪತ್ರ ಬರೆದಿತ್ತು. ಅದನ್ನು ಕಾಂಗ್ರೆಸ್ ಹಿಡಿದುಕೊಂಡಿತು, 2022ರಲ್ಲಿ ‘ಪೇಸಿಎಂ’ ಪೋಸ್ಟರ್ ಅಂಟಿಸಿತು. ಆರೋಪ ಸಾಬೀತಾಯಿತಾ ಇಲ್ಲವಾ ಎನ್ನುವುದು ಬೇರೆ ವಿಷಯ. ಚಹಾ ಅಂಗಡಿಯಲ್ಲಿ ಜನ ಆ ಮಾತು ನಂಬಿದ್ದರು, ಅದಕ್ಕೆ ನೇರ ಉತ್ತರ ಸಿಗಲಿಲ್ಲ.

ನಂದಿನಿ ಹಾಲಿನ ಪ್ರಸಂಗವೂ ಅಂಥದ್ದೇ. 2023ರ ಏಪ್ರಿಲ್‌ನಲ್ಲಿ, ಚುನಾವಣೆಗೆ ತಿಂಗಳು ಇರುವಾಗ, ಅಮುಲ್ ಬೆಂಗಳೂರಿಗೆ ಹಾಲು ಮೊಸರು ತರುವುದಾಗಿ ಪ್ರಕಟಿಸಿತು. ಕೆಎಂಎಫ್‌ಗೆ ಹಾಲು ಹಾಕುವ ಲಕ್ಷಾಂತರ ರೈತ ಮನೆಗಳಿಗೆ, ಬೆಳಗ್ಗೆ ನೀಲಿ ಪ್ಯಾಕೆಟ್ ಒಡೆಯುವ ನಗರದ ಮನೆಗಳಿಗೆ ಇದು ಪಕ್ಷದ ವಿಷಯವೇ ಆಗಿರಲಿಲ್ಲ. ಆಳುವವರು ಅದನ್ನು ವಿರೋಧ ಪಕ್ಷದ ಕುತಂತ್ರ ಎಂದು ತಳ್ಳಿಹಾಕಿದರು.

ಕಾಂಗ್ರೆಸ್ ಇಂಥ ತಪ್ಪು ಮಾಡಿಲ್ಲ ಎಂದೇನಲ್ಲ. 2018ರ ಚುನಾವಣೆಗೆ ಮುಂಚೆ ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸು ಮಾಡಿತು. ಅದರಿಂದ ಒಂದು ದೊಡ್ಡ ಸಮುದಾಯದ ಓಟು ಬರುತ್ತದೆ ಎಂಬ ಲೆಕ್ಕ ಕೈಕೊಟ್ಟಿತು. ಆ ವಿಷಯಕ್ಕೆ ಕೈಹಾಕಿದ್ದು ತಪ್ಪು ಎಂದು ಅದೇ ವರ್ಷ ಡಿ.ಕೆ. ಶಿವಕುಮಾರ್ ಬಹಿರಂಗವಾಗಿ ಒಪ್ಪಿಕೊಂಡರು. 2023ರ ಮಾರ್ಚ್‌ನಲ್ಲಿ ಬಿಜೆಪಿ ಸರ್ಕಾರ ಮುಸ್ಲಿಮರ ಶೇ. 4 ಮೀಸಲಾತಿ ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ಎರಡೆರಡು ಹಂಚಿದಾಗಲೂ ಲೆಕ್ಕ ಅದೇ ರೀತಿಯದು. ಸಮುದಾಯಕ್ಕೆ ಏನೋ ಕೊಟ್ಟರೆ ಓಟು ಗಂಟಾಗಿ ಬರುತ್ತದೆ ಎಂದು ನಂಬುವವರಿಗೆ, ಆ ಸಮುದಾಯದ ಒಳಗೇ ತಟಸ್ಥರು ಇದ್ದಾರೆ ಎನ್ನುವುದು ಮರೆತುಹೋಗುತ್ತದೆ.

ಗ್ಯಾರಂಟಿ ಎಲ್ಲ ಕೊಟ್ಟರೂ 2024ರಲ್ಲಿ ಕಾಂಗ್ರೆಸ್‌ಗೆ ಬರೀ ಒಂಬತ್ತು ಸೀಟು ಯಾಕೆ?

ಮೊದಲು ಅಂಕಿ ಸರಿಯಾಗಿ ನೋಡೋಣ. 2019ರಲ್ಲಿ ಕಾಂಗ್ರೆಸ್‌ಗೆ ಇದ್ದದ್ದು ಒಂದು ಸೀಟು. ಒಂದರಿಂದ ಒಂಬತ್ತಕ್ಕೆ ಬಂತು, ಓಟು ಶೇ. 45 ದಾಟಿತು. ಬಿಜೆಪಿಗೆ 46, ಅದರ ಜೊತೆ ಸೇರಿದ ಜೆಡಿಎಸ್‌ದು ಬೇರೆ. ಹಾಗಾಗಿ ಗ್ಯಾರಂಟಿಯಿಂದ ಏನೂ ಆಗಲಿಲ್ಲ ಎನ್ನುವುದು ತಪ್ಪು.

ಆದರೆ ಆ ಪಕ್ಷದವರ ನಿರೀಕ್ಷೆ ಬೇರೆ ಇತ್ತು. ಮಹಿಳೆಯರಿಗೆ ಉಚಿತ ಬಸ್, ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ಕರೆಂಟು ಕೊಟ್ಟಿದ್ದೇವೆ, ಮನೆಯ ಓಟು ನಮ್ಮದು ಎಂಬ ಭರವಸೆ. ಸೋತ ಮೇಲೆ ಕೆಲವರು ‘ದುಡ್ಡು ತಗೊಂಡು ಓಟು ಹಾಕಲಿಲ್ಲ’ ಎಂಬ ಧಾಟಿಯಲ್ಲಿ ಮಾತಾಡಿದರು. ತಟಸ್ಥ ಮತದಾರರನ್ನು ಕಳೆದುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಸರ್ಕಾರದ ಯೋಜನೆ ತೆರಿಗೆ ದುಡ್ಡಿನದು. ಗೃಹಲಕ್ಷ್ಮಿ ಹಣ ಪಡೆದ ಅಮ್ಮ ವಿಧಾನಸಭೆಗೆ ಒಂದು ಲೆಕ್ಕ, ಲೋಕಸಭೆಗೆ ಒಂದು ಲೆಕ್ಕ ಇಟ್ಟುಕೊಂಡಿದ್ದರೆ ಅದು ಅವರ ಹಕ್ಕು. 1985ರಲ್ಲೂ ಜನ ಅದನ್ನೇ ಮಾಡಿದ್ದು.

ಅಭ್ಯರ್ಥಿ ಯಾರು ಎನ್ನುವುದೂ ಇಲ್ಲಿ ದೊಡ್ಡದು. ಬೆಂಗಳೂರು ಗ್ರಾಮಾಂತರದಲ್ಲಿ ಡಿ.ಕೆ. ಸುರೇಶ್ ಎದುರು ನಿಂತದ್ದು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್. ಅವರು ದೇವೇಗೌಡರ ಅಳಿಯ, ಬಿಜೆಪಿ ಚಿಹ್ನೆ. ಆದರೂ ಬಹಳ ಮನೆಗಳಲ್ಲಿ ಅವರು ಮೊದಲು ಡಾಕ್ಟರು. 2,69,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಪಕ್ಷಾಂತರ ಮಾಡಿದವರನ್ನು ಇಂಥ ಮತದಾರರು ಶಿಕ್ಷಿಸುತ್ತಾರಾ?

ತಕ್ಷಣ ಶಿಕ್ಷಿಸುವುದಿಲ್ಲ. 2019ರ ಜುಲೈನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ನ 17 ಶಾಸಕರು ಅನರ್ಹರಾದರು. ರೆಸಾರ್ಟು, ವಿಮಾನ, ಮುಂಬೈ ಹೋಟೆಲು, ಎಲ್ಲವನ್ನೂ ಜನ ಟಿವಿಯಲ್ಲಿ ನೋಡಿದರು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ಬಂತು. ಅನರ್ಹರಾದವರಲ್ಲಿ ಬಹುತೇಕರನ್ನು ಕಣಕ್ಕಿಳಿಸಿದ ಬಿಜೆಪಿ 12 ಗೆದ್ದಿತು. ಸೋತವರಲ್ಲಿ ಹುಣಸೂರಿನ ಎಚ್. ವಿಶ್ವನಾಥ್ ಮತ್ತು ಹೊಸಕೋಟೆಯ ಎಂ.ಟಿ.ಬಿ. ನಾಗರಾಜ್ ಇದ್ದರು. ಆಳುವ ಪಕ್ಷದ ಶಾಸಕ ಇದ್ದರೆ ಕ್ಷೇತ್ರಕ್ಕೆ ಕೆಲಸ ಆಗುತ್ತದೆ ಎಂದು ಜನ ಯೋಚಿಸಿದ್ದರು ಅನಿಸುತ್ತದೆ. ಅದೂ ಒಂದು ಲೆಕ್ಕವೇ.

2023ಕ್ಕೆ ಬಿಲ್ಲು ಬಂತು. ಚಿಕ್ಕಬಳ್ಳಾಪುರದಲ್ಲಿ ಸಚಿವ ಡಾ. ಕೆ. ಸುಧಾಕರ್, ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲ್, ಕೆ.ಆರ್. ಪೇಟೆಯಲ್ಲಿ ನಾರಾಯಣಗೌಡ, ಅಥಣಿಯಲ್ಲಿ ಮಹೇಶ್ ಕುಮಟಳ್ಳಿ, ಕಾಗವಾಡದಲ್ಲಿ ಶ್ರೀಮಂತ ಪಾಟೀಲ್ ಸೋತರು. ಇಷ್ಟಕ್ಕೆ ಕಥೆ ಮುಗಿಯಿತು ಎಂದುಕೊಂಡರೆ ಅದೂ ಇಲ್ಲ. ಸುಧಾಕರ್ ಮರುವರ್ಷವೇ ಚಿಕ್ಕಬಳ್ಳಾಪುರದಿಂದ ಲೋಕಸಭೆಗೆ ಗೆದ್ದರು. ಟಿಕೆಟ್ ಸಿಗದೆ 2023ರಲ್ಲಿ ಕಾಂಗ್ರೆಸ್ ಸೇರಿದ ಜಗದೀಶ ಶೆಟ್ಟರ್ ಹುಬ್ಬಳ್ಳಿಯಲ್ಲಿ ಸೋತರು. 2024ರ ಜನವರಿಯಲ್ಲಿ ಬಿಜೆಪಿಗೆ ವಾಪಸಾದರು, ಬೆಳಗಾವಿಯಿಂದ ಸಂಸದರಾದರು.

ಇದರಿಂದ ನೀತಿಪಾಠ ತೆಗೆಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ನನಗೆ ಕಾಣುವುದು ಇಷ್ಟು: ಪಕ್ಷಕ್ಕೆ ಅಂಟಿಕೊಳ್ಳದ ಮತದಾರರಿಗೆ ನಾಯಕ ಪಕ್ಷ ಬಿಟ್ಟದ್ದು ದೊಡ್ಡ ಪಾಪವಾಗಿ ಕಾಣುವುದಿಲ್ಲ. ಅವರೇ ಬಿಡುತ್ತಾರಲ್ಲ! ನಮ್ಮನ್ನು ಕೇಳದೆ ಹೋದ, ಹೋಗಿ ನಮಗೆ ಏನೂ ಮಾಡಲಿಲ್ಲ ಎನ್ನುವುದು ಮಾತ್ರ ನೆನಪಿರುತ್ತದೆ.

ಕುಟುಂಬ ರಾಜಕಾರಣ ಇವರಿಗೆ ಹಿಡಿಸುವುದಿಲ್ಲ ಎನ್ನುತ್ತಾರೆ. ನಿಜವಾ?

ಅರ್ಧ ನಿಜ. 2024ರ ನವೆಂಬರ್ ಉಪಚುನಾವಣೆಯಲ್ಲಿ ಚನ್ನಪಟ್ಟಣದಲ್ಲಿ ನಿಖಿಲ್ ಕುಮಾರಸ್ವಾಮಿ, ಶಿಗ್ಗಾವಿಯಲ್ಲಿ ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮಗ ಭರತ್ ಬೊಮ್ಮಾಯಿ ಸೋತರು. ಅದೇ ದಿನ ಸಂಡೂರಿನಲ್ಲಿ ಸಂಸದ ತುಕಾರಾಂ ಅವರ ಪತ್ನಿ ಅನ್ನಪೂರ್ಣ ಗೆದ್ದರು. ಮೂರೂ ಕಡೆ ಗೆದ್ದದ್ದು ಕಾಂಗ್ರೆಸ್.

ಬೆಂಗಳೂರಿನ ಮಧ್ಯಮ ವರ್ಗ ಓಟೇ ಹಾಕುವುದಿಲ್ಲ. ಪಕ್ಷಗಳು ಅವರ ಬಗ್ಗೆ ಯಾಕೆ ತಲೆಕೆಡಿಸಿಕೊಳ್ಳಬೇಕು?

ಪಕ್ಷಗಳೂ ಹೀಗೇ ಯೋಚಿಸುತ್ತವೆ. 2024ರಲ್ಲಿ ಮಂಡ್ಯದಲ್ಲಿ ಶೇ. 81ಕ್ಕಿಂತ ಜಾಸ್ತಿ ಮತದಾನವಾಯಿತು. ಬೆಂಗಳೂರು ದಕ್ಷಿಣ, ಕೇಂದ್ರ, ಉತ್ತರ ಮೂರೂ 53, 54ರ ಆಸುಪಾಸಿನಲ್ಲಿ ನಿಂತವು. ಇದರಲ್ಲಿ ಪಟ್ಟಿಯ ತಪ್ಪೂ ಇದೆ. ಮನೆ ಬದಲಿಸಿದವರು, ಊರಲ್ಲೂ ಇಲ್ಲೂ ಹೆಸರಿರುವವರು, ತೀರಿಕೊಂಡವರು ಎಲ್ಲ ಸೇರಿ ಪಟ್ಟಿ ಉಬ್ಬಿರುತ್ತದೆ. ಸೋಮಾರಿತನ ಎಂದು ಬಯ್ಯುವ ಮುಂಚೆ ಅದನ್ನೂ ನೋಡಬೇಕು.

ತಲೆಕೆಡಿಸಿಕೊಳ್ಳಬೇಕಾ ಎನ್ನುವುದಕ್ಕೆ ಜಯನಗರ ಉತ್ತರ ಹೇಳುತ್ತದೆ. 2023ರಲ್ಲಿ ಅಲ್ಲಿ ಮಧ್ಯರಾತ್ರಿವರೆಗೆ ಮರು ಎಣಿಕೆ ನಡೆದು, ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ಸೋತವರು ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ. ಒಂದು ಅಪಾರ್ಟ್‌ಮೆಂಟಿನ ಎರಡು ಮಹಡಿ ಸಾಕಿತ್ತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ.

ನೋಟಾ ಒತ್ತಿದರೆ ಪಕ್ಷಗಳಿಗೆ ಬುದ್ಧಿ ಬರುತ್ತದಾ?

ಇಲ್ಲ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೋಟಾ ಬಂತು. ಕರ್ನಾಟಕದ ವಿಧಾನಸಭೆ ಚುನಾವಣೆಯಲ್ಲಿ ಅದು ಮೊದಲು ಸಿಕ್ಕಿದ್ದು 2018ರಲ್ಲಿ. ಆಗಲೂ 2023ರಲ್ಲೂ ರಾಜ್ಯದ ಒಟ್ಟು ಮತದಲ್ಲಿ ಅದರ ಪಾಲು ಶೇ. 1 ಮುಟ್ಟಲಿಲ್ಲ. ನೋಟಾಗೆ ಎಷ್ಟೇ ಬಿದ್ದರೂ ಉಳಿದವರಲ್ಲಿ ಹೆಚ್ಚು ಪಡೆದವರು ಗೆಲ್ಲುತ್ತಾರೆ.

ಹಾಗಾದರೆ ಹೊಸ ಪಕ್ಷ?

ಪ್ರಯತ್ನಗಳು ನಡೆದಿವೆ. ಉಪೇಂದ್ರ ಅವರ ಪ್ರಜಾಕೀಯ, ಕರ್ನಾಟಕ ರಾಷ್ಟ್ರ ಸಮಿತಿ, ಆಮ್ ಆದ್ಮಿ ಮೂರೂ 2023ರಲ್ಲಿ ಕಣದಲ್ಲಿದ್ದವು, ಒಂದೂ ಸೀಟು ಬರಲಿಲ್ಲ. ಗೆದ್ದದ್ದು ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ. ಅವರ ಹಿಂದೆ ರೈತ ಸಂಘದ ಹಲವು ದಶಕಗಳ ಕೆಲಸ ಇತ್ತು, ಕಾಂಗ್ರೆಸ್ ಬೆಂಬಲವೂ ಇತ್ತು. ಪಕ್ಷಗಳ ಬಗ್ಗೆ ಬೇಸರ ಇದೆ ಎಂದ ಮಾತ್ರಕ್ಕೆ ಹೊಸಬರಿಗೆ ಓಟು ಬೀಳುವುದಿಲ್ಲ. ಗೆಲ್ಲುವ ಹಾಗೆ ಕಾಣದವರಿಗೆ ಹಾಕಿ ಓಟು ದಂಡ ಮಾಡಿಕೊಳ್ಳಲು ತಟಸ್ಥರೂ ಹಿಂಜರಿಯುತ್ತಾರೆ.

ತಟಸ್ಥರನ್ನು ಚೆನ್ನಾಗಿ ಹಿಡಿದಿಟ್ಟುಕೊಂಡ ಪಕ್ಷದ ಉದಾಹರಣೆ ಒಂದಾದರೂ ಇದೆಯಾ?

ಎಂಬತ್ತರ ದಶಕದ ಜನತಾ ಪಕ್ಷ ಹತ್ತಿರ ಬರುತ್ತದೆ. ಹೆಗಡೆ ಸರ್ಕಾರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟು 1987ರಲ್ಲಿ ಚುನಾವಣೆ ನಡೆಸಿತು. ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ ‘ನೀರ್ ಸಾಬ್’ ಎಂದು ಕರೆದರು. ಅವರ ಪಕ್ಷ ಯಾವುದು, ಧರ್ಮ ಯಾವುದು ಎನ್ನುವುದು ಆ ಹೆಸರಿನಲ್ಲಿ ಇಲ್ಲ.

ಆದರೂ 1989ರಲ್ಲಿ ಏನಾಯಿತು? ಹೆಗಡೆ, ದೇವೇಗೌಡ, ಎಸ್.ಆರ್. ಬೊಮ್ಮಾಯಿ ಬಣಗಳ ಜಗಳದಲ್ಲಿ ಪಕ್ಷ ಒಡೆಯಿತು. ಏಪ್ರಿಲ್‌ನಲ್ಲಿ ಬೊಮ್ಮಾಯಿ ಸರ್ಕಾರ ವಜಾ ಆಯಿತು. ಚುನಾವಣೆಯಲ್ಲಿ ಕಾಂಗ್ರೆಸ್ 178 ಗೆದ್ದರೆ, ಜನತಾ ಪಕ್ಷದ ಮುಂದುವರಿಕೆಯಾಗಿದ್ದ ಜನತಾದಳ 24ಕ್ಕೆ ಬಂತು. ಆ 178ರ ಕಾಂಗ್ರೆಸ್ ಕೂಡ ಐದು ವರ್ಷದಲ್ಲಿ ವೀರೇಂದ್ರ ಪಾಟೀಲ, ಬಂಗಾರಪ್ಪ, ಮೊಯಿಲಿ ಎಂದು ಮೂವರು ಮುಖ್ಯಮಂತ್ರಿಗಳನ್ನು ಬದಲಿಸಿ 1994ರಲ್ಲಿ 34ಕ್ಕೆ ಇಳಿಯಿತು. ಒಳಜಗಳವನ್ನು ಕಾರ್ಯಕರ್ತ ಸಹಿಸಿಕೊಳ್ಳುತ್ತಾನೆ, ಅವನಿಗೆ ಒಂದು ಬಣ ಇರುತ್ತದೆ. ಹೊರಗಿನವರಿಗೆ ಅದು ತಮ್ಮ ಕೆಲಸ ಬಿಟ್ಟು ಕುರ್ಚಿಗಾಗಿ ಕಿತ್ತಾಡುವಂತೆ ಕಾಣುತ್ತದೆ. ಇದನ್ನು ಯಾವ ಪಕ್ಷವೂ ಕಲಿತಂತಿಲ್ಲ.

ನಾನು ಯಾವ ಪಕ್ಷದವನೂ ಅಲ್ಲ. ನನ್ನ ಮಾತು ಅವರಿಗೆ ಕೇಳಿಸಬೇಕಾದರೆ ಏನು ಮಾಡಬಹುದು?

ಮೊದಲು ಪಟ್ಟಿಯಲ್ಲಿ ಇರಿ. ಹೊಸ ಹೆಸರಿಗೆ ಫಾರ್ಮ್ 6, ವಿಳಾಸ ಬದಲಾಗಿದ್ದರೆ ಫಾರ್ಮ್ 8. ಹದಿನೆಂಟು ತುಂಬುವವರಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಮೊದಲ ದಿನ.

ಪದವಿ ಮುಗಿಸಿ ಮೂರು ವರ್ಷ ಆಗಿದ್ದರೆ ಫಾರ್ಮ್ 18 ಮರೆಯಬೇಡಿ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರದ್ದು. ಆ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಹಳೇ ಹೆಸರು ತಾನಾಗಿ ಮುಂದುವರಿಯುವುದಿಲ್ಲ. ಹಾಗಾಗಿ ಪಕ್ಷಗಳು, ಆಕಾಂಕ್ಷಿಗಳು ತಮ್ಮವರ ಫಾರ್ಮುಗಳನ್ನು ತಾವೇ ತುಂಬಿಸಿ ಕೊಡುತ್ತಾರೆ. ತಟಸ್ಥರು ಫಾರ್ಮ್ ತುಂಬುವುದೇ ಇಲ್ಲ, ಪಟ್ಟಿಯಲ್ಲಿ ಪಕ್ಷದವರೇ ತುಂಬಿರುತ್ತಾರೆ. ಓದಿದವರ ಕ್ಷೇತ್ರ ಎನ್ನುವುದು ಹೀಗೆ ಪಕ್ಷಗಳ ಕ್ಷೇತ್ರವಾಗಿದೆ.

ಮೂರನೆಯದು, ಓಟು ಕೇಳಲು ಬಂದವರಿಗೆ ‘ನಿಮಗೇ ಹಾಕ್ತೀವಿ ಬಿಡಿ’ ಎನ್ನುವುದನ್ನು ನಿಲ್ಲಿಸಿ. ಹೋದ ಸಲ ಹಾಕಿದ್ದೆ, ಈ ಸಲ ಹಾಕುವುದಿಲ್ಲ, ಕಾರಣ ಇದು ಎಂದು ಮುಖಕ್ಕೆ ಹೇಳಿ. ಕಾರ್ಯಕರ್ತ ಅದನ್ನು ಮೇಲೆ ಮುಟ್ಟಿಸದೇ ಇರಬಹುದು. ಆದರೆ ಅವನ ಕೈಯಲ್ಲಿರುವ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದಿನ ಗುರುತು ಆ ಹೊತ್ತಿಗೇ ಬದಲಾಗುತ್ತದೆ. ಮಾರನೇ ದಿನ ಅಭ್ಯರ್ಥಿಯೇ ಬಾಗಿಲಿಗೆ ಬಂದರೂ ಆಶ್ಚರ್ಯ ಇಲ್ಲ.